ದಿಗಂತದ ಸಮೀಪದ ಖಗ್ರಾಸ

ಖಗ್ರಾಸ ಸೂರ್ಯಗ್ರಹಣದ ಪಾಠವನ್ನು ಹೇಳದ ವಿಜ್ಞಾನದ ಅಧ್ಯಾಪಕರಿಲ್ಲ. ಅದನ್ನು ಕಣ್ಣಾರೆ ಕಂಡವರು ಮಾತ್ರ ಅತಿ ವಿರಳ. ಭೂಮಿಯ ಮೇಲಿನ ಯಾವುದೇ ಒಂದು ಊರಿಗೆ ಇಂಥ ಗ್ರಹಣವು ಸರಾಸರಿ 375 ವರ್ಷಗಳಿಗೊಮ್ಮೆ ಒದಗುವುದೆಂದು ಲೆಕ್ಕ ಬಲ್ಲವರು ಹೇಳುತ್ತಾರೆ. ಈ ಸರಾಸರಿಯನ್ನು ಮನಸ್ಸಿನಲ್ಲಿಟ್ಟು ನೋಡಿದರೆ ನಮ್ಮ ಉತ್ತರ ಕರ್ನಾಟಕದ ಭಾಗ್ಯ ದೊಡ್ಡದೆನ್ನಬೇಕು. 1868ರ ಆಗಸ್ಟ್ 18ರಂದು ಚಂದ್ರನ ನೆರಳು ಜಮಖಂಡಿ, ವಿಜಯಪುರಗಳ ಮೇಲೆ ಹಾಯ್ದು ಗುಂಟೂರಿನ ಕಡೆಗೆ ಸಾಗಿತು. ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್, ವಿಜಯಪುರದಲ್ಲಿ ಕ್ಯಾಪ್ಟನ್ ಹೇಗ್ ಇವರು ರೋಹಿತದರ್ಶಕಗಳನ್ನು ಹೂಡಿಕೊಂಡು ಕಾದಿದ್ದರು. ಸೂರ್ಯನ ಅಂಚಿನಿಂದ ಮೇಲೇಳುವ ಕೆಂಪು ಜ್ವಾಲೆಗಳು ಕಾದು ಹೊಳೆಯುವ ಅನಿಲವೆಂಬುದು ಅಂದಿನ ವೀಕ್ಷಣೆಗಳಿಂದಲೇ ಖಚಿತವಾಯಿತು. ಅದಾದ 112 ವರ್ಷಗಳ ಮೇಲೆ, 1980ರ ಫೆಬ್ರವರಿ 16ರ ಶನಿವಾರ ಮಧ್ಯಾಹ್ನ, ನೆರಳು ಮತ್ತೆ ನಮ್ಮ ನಾಡಿಗೆ ಬಂದಿತು. ಕಾರವಾರ ಸೀಮೆಯ ಕರಾವಳಿಯಿಂದ ಹುಬ್ಬಳ್ಳಿ, ಗದಗು, ರಾಯಚೂರುಗಳ ಮೇಲೆ ಅದು ಹಾಯ್ದು ಹೋಯಿತು. ರಾಯಚೂರು ಜಿಲ್ಲೆಯ ಜವಳಗೇರಿಯಲ್ಲಿ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ಬಿಡಾರ ಹೂಡಿದ್ದರು.

ನಾನು ಆಗ ಗದಗಿಗೆ ಸಮೀಪದ ಹಳ್ಳಿಯೊಂದರಲ್ಲಿ ಎಂಟನೆಯ ಇಯತ್ತೆಯ ವಿದ್ಯಾರ್ಥಿ. ಎರಡು ದಿನ ಮೊದಲು ನಮ್ಮ ಗುರುಗಳು ಕಂದೀಲು, ಚೆಂಡು, ಲಿಂಬೆಹಣ್ಣುಗಳನ್ನಿಟ್ಟು ಗ್ರಹಣವನ್ನು ಎಷ್ಟು ಚೆನ್ನಾಗಿ ತೋರಿಸಿದ್ದರೆಂದರೆ ಆ ಪಾಠವನ್ನೇ ನಾನು ಇಂದಿಗೂ ಹೇಳುತ್ತಿದ್ದೇನೆ. ಆದರೆ ಗ್ರಹಣದ ದಿನ ಶಾಲೆಗೆ ರಜೆ. ಊರಿನ ಬಾಗಿಲುಗಳೆಲ್ಲ ಮುಚ್ಚಿದವು. ಗುರುಗಳ ಮನೆಯ ಬಾಗಿಲೂ ಮುಚ್ಚಿತು. ಅಂದಿನ ಕಾಲವೇ ಹಾಗಿತ್ತು. ಮುಂಬಯಿಯಲ್ಲಿ ನಡೆಯುತ್ತಿದ್ದ ಭಾರತ–ಇಂಗ್ಲೆಂಡ್ ಕ್ರಿಕೆಟ್ ಟೆಸ್ಟಿಗೂ ಅದೇ ದಿನ ವಿಶ್ರಾಂತಿಯನ್ನು ಗೊತ್ತುಮಾಡಿದ್ದರು. ನಮ್ಮ ಮನೆಯ ಮಾಳಿಗೆಯ ಬೆಳಕಿಂಡಿಗೆ ಗೋಣಿಚೀಲವನ್ನು ಹೊದಿಸಲಾಗಿತ್ತು. ಆ ಗೋಣಿಗೊಂದು ಸಣ್ಣ ತೂತು. ಅದರಿಂದ ಇಳಿದ ಬೆಳಕಿನ ಚುಕ್ಕೆ ಎದುರಿನ ಗೋಡೆಯ ಮೇಲೆ ಮೊದಲು ದುಂಡಗಿದ್ದು, ಬರಬರುತ್ತ ಕುಡುಗೋಲಿನ ಆಕಾರ ತಾಳಿ, ಮೂರೂ ಮುಕ್ಕಾಲರ ಸುಮಾರಿಗೆ ದಾರದಷ್ಟು ಸಣ್ಣಗಾಗಿ ಆರಿಹೋಯಿತು. ಎರಡೂವರೆ ನಿಮಿಷದಷ್ಟು ಹೊತ್ತು ನಾವು ಕತ್ತಲಲ್ಲಿ ಕುಳಿತಿದ್ದೆವು. ಬಳಿಕ ಅದೇ ಗೋಡೆಯ ಮೇಲೆ ಕುಡುಗೋಲು ತಿರುಗುಮುರುಗಾಗಿ ಹುಟ್ಟಿತು. ಯಾರನ್ನೂ ದೂರುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. 375 ವರ್ಷಗಳಿಗೊಮ್ಮೆ ಬರುವ ಅತಿಥಿಯು ಮನೆಯ ಮೇಲೆಯೇ ಹಾಯ್ದುಹೋದಾಗ ನಾನು ಕಂಡದ್ದು ಗೋಣಿಯ ತೂತಿನಷ್ಟು. ಆ ಸಂಗತಿಯು ಮುಂದಿನ ಇಪ್ಪತ್ತೊಂಬತ್ತು ವರ್ಷ ನನ್ನನ್ನು ಬಿಡಲಿಲ್ಲವೆಂಬುದಕ್ಕಾಗಿ ಮಾತ್ರ ಇಲ್ಲಿ ಹೇಳಿದೆ.

ಅನಂತರ ಭಾರತಕ್ಕೆ ಮೂರು ಖಗ್ರಾಸಗಳು ಬಂದವು. 1995ರ ಅಕ್ಟೋಬರ್ 24ರಂದು ರಾಜಸ್ಥಾನದಿಂದ ಬಂಗಾಳದವರೆಗೆ ನೆರಳು ಹಾಯ್ದಾಗ ಜನರು ಕನ್ನಡಕಗಳನ್ನು ಕೊಂಡು ಹೊರಗೆ ಬಂದರು. ದೂರದರ್ಶನವು ನೇರ ಪ್ರಸಾರ ಮಾಡಿತು. ಹದಿನೈದು ವರ್ಷಗಳಲ್ಲಿ ಜನಮನ ಅಷ್ಟು ಬದಲಾಗಿತ್ತು. 1999ರ ಆಗಸ್ಟ್ 11ರ ಗ್ರಹಣವು ಕಚ್ಛದಿಂದ ಶ್ರೀಕಾಕುಳದವರೆಗೆ ಸಂಜೆಯ ಹೊತ್ತಿನಲ್ಲಿ ಬಂದು, ಬಹುತೇಕ ಮಳೆಮೋಡಗಳ ಪಾಲಾಯಿತು. ಮೂರನೆಯದು 2009ರ ಜುಲೈ 22, ಬುಧವಾರ. ನಮ್ಮ ಕಡೆಯ ನಾಗರ ಅಮಾವಾಸ್ಯೆಯ ದಿನ. ಈ ಮೂರನೆಯದನ್ನು ನೋಡಲೇಬೇಕೆಂದು ನಿಶ್ಚಯಿಸಿದಾಗ ಎದುರಾದ ಪ್ರಶ್ನೆಯು ನಾನು ಅದುವರೆಗೆ ಒಮ್ಮೆಯೂ ತರಗತಿಯಲ್ಲಿ ಎತ್ತದಿದ್ದ ಪ್ರಶ್ನೆ: ಗ್ರಹಣ ನಡೆಯುವಾಗ ಸೂರ್ಯನು ಆಕಾಶದಲ್ಲಿ ಎಷ್ಟು ಎತ್ತರದಲ್ಲಿರುತ್ತಾನೆ?

ಪಠ್ಯಪುಸ್ತಕದ ಚಿತ್ರದಲ್ಲಿ ಸೂರ್ಯ, ಚಂದ್ರ, ಭೂಮಿಗಳು ಒಂದೇ ಗೆರೆಯಲ್ಲಿರುತ್ತವೆ. ನೆರಳಿನ ಮೊನೆಯು ಭೂಮಿಯನ್ನು ನೇರವಾಗಿ ಚುಚ್ಚುತ್ತದೆ. ಅದನ್ನು ನೋಡಿದ ವಿದ್ಯಾರ್ಥಿಯು ಗ್ರಹಣವೆಂದರೆ ನೆತ್ತಿಯ ಮೇಲಿನ ಘಟನೆಯೆಂದೇ ತಿಳಿಯುತ್ತಾನೆ. ವಾಸ್ತವವಾಗಿ ಪ್ರತಿಯೊಂದು ಖಗ್ರಾಸದ ನೆರಳೂ ಭೂಮಿಯ ಅಂಚನ್ನು ಎಲ್ಲಿಯೋ ಒಂದೆಡೆ ಮುಟ್ಟಿ ಒಳಬರುತ್ತದೆ, ಇನ್ನೊಂದೆಡೆ ಅಂಚಿನಿಂದ ಜಾರಿಹೋಗುತ್ತದೆ. ಒಳಬರುವಲ್ಲಿ ಆಗ ಸೂರ್ಯೋದಯ, ಬಿಟ್ಟುಹೋಗುವಲ್ಲಿ ಸೂರ್ಯಾಸ್ತ. 2009ರ ನೆರಳು ಭೂಮಿಯನ್ನು ಮುಟ್ಟಿದ್ದು ಅರಬ್ಬೀ ಸಮುದ್ರದಲ್ಲಿ. ಅಲ್ಲಿಂದ ಸೂರತ್ತು, ಇಂದೂರು, ಭೋಪಾಳ, ವಾರಾಣಸಿ, ಪಾಟ್ನಾಗಳ ಮೇಲೆ ಹಾಯ್ದು ಚೀನವನ್ನು ಸೇರಿ, ಶಾಂಘಾಯಿಯ ಆಚೆ ಪೆಸಿಫಿಕ್ ಸಾಗರದ ನಡುವೆ ಅದು ತನ್ನ ಪರಮಾವಧಿಯನ್ನು ಮುಟ್ಟಿತು. ಅಲ್ಲಿ ಸೂರ್ಯನು ಹೆಚ್ಚುಕಡಮೆ ನೆತ್ತಿಯ ಮೇಲಿದ್ದನು. ಪೂರ್ಣ ಗ್ರಹಣದ ಅವಧಿ 6 ನಿಮಿಷ 39 ಸೆಕೆಂಡು. ಇಪ್ಪತ್ತೊಂದನೆಯ ಶತಮಾನದಲ್ಲಿ ಇಷ್ಟು ದೀರ್ಘವಾದ ಖಗ್ರಾಸ ಮತ್ತೊಂದಿಲ್ಲ. 2132ರವರೆಗೆ ಇದನ್ನು ಮೀರಿಸುವುದೂ ಇಲ್ಲ. ಆದರೆ ಅದೇ ಗ್ರಹಣವು ಭಾರತದಲ್ಲಿ ಉಳಿದದ್ದು ಮೂರು, ಮೂರೂವರೆ ನಿಮಿಷಗಳಷ್ಟೆ. ಒಂದೇ ನೆರಳು, ಅವಧಿಯಲ್ಲಿ ಇಷ್ಟೊಂದು ಅಂತರವೇಕೆ?

ಇದಕ್ಕೆ ಕಾರಣಗಳು ಎರಡು. ಎರಡೂ ಸೂರ್ಯನ ಎತ್ತರಕ್ಕೆ ಸಂಬಂಧಿಸಿದವು. ಚಂದ್ರನು ನಮ್ಮ ನೆತ್ತಿಯ ಮೇಲಿರುವಾಗ, ದಿಗಂತದಲ್ಲಿರುವಾಗಿನ ದೂರಕ್ಕಿಂತ ಭೂಮಿಯ ಒಂದು ತ್ರಿಜ್ಯದಷ್ಟು, ಎಂದರೆ ಸುಮಾರು 6,400 ಕಿಲೋಮೀಟರು, ನಮಗೆ ಹತ್ತಿರನಾಗಿರುತ್ತಾನೆ. ಚಂದ್ರನ ಸರಾಸರಿ ದೂರ 3,84,400 ಕಿಲೋಮೀಟರೆಂದರೆ ಇದು ನೂರಕ್ಕೆ ಎರಡಕ್ಕೂ ಕಡಮೆ. ಅಲ್ಪವೆಂದು ತೋರಬಹುದು. ಆದರೆ ಆ ದಿನ ಪರಮಾವಧಿಯ ಸ್ಥಳದಲ್ಲಿಯೂ ಚಂದ್ರಬಿಂಬವು ಸೂರ್ಯಬಿಂಬಕ್ಕಿಂತ ದೊಡ್ಡದಾಗಿದ್ದುದು ನೂರಕ್ಕೆ ಎಂಟರಷ್ಟು ಮಾತ್ರ. ಈ ಎಂಟರಷ್ಟು ಹೆಚ್ಚಳವೇ ಕತ್ತಲೆಯ ಬಂಡವಾಳ. ದಿಗಂತದ ಬಳಿ ಅದರಲ್ಲಿ ಎರಡರಷ್ಟು ಸೋರಿಹೋದರೆ ನಷ್ಟ ಸಣ್ಣದಲ್ಲ.

ಎರಡನೆಯ ಕಾರಣ ಇನ್ನೂ ಸ್ವಾರಸ್ಯವಾದದ್ದು. ಚಂದ್ರನ ನೆರಳು ಪಶ್ಚಿಮದಿಂದ ಪೂರ್ವಕ್ಕೆ ಓಡುತ್ತದೆ. ಭೂಮಿಯೂ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತದೆ. ನಡುಹಗಲಿನ ಸ್ಥಳದಲ್ಲಿ ನಿಂತವನನ್ನು ಭೂಮಿಯು ನೆರಳಿನ ಜೊತೆಜೊತೆಗೆ ಕೊಂಡೊಯ್ಯುತ್ತದೆ. ಸಮಭಾಜಕದ ಬಳಿ ಆ ವೇಗ ಗಂಟೆಗೆ 1,670 ಕಿಲೋಮೀಟರಿನಷ್ಟು. ಓಡುವ ಬಂಡಿಯ ಪಕ್ಕದಲ್ಲಿ ತಾನೂ ಓಡುವವನಿಗೆ ಬಂಡಿ ಹೆಚ್ಚು ಹೊತ್ತು ಜೊತೆಗಿರುವುದಷ್ಟೆ? ಸೂರ್ಯೋದಯದ ಸ್ಥಳದಲ್ಲಿಯೂ ಭೂಮಿಯು ನಮ್ಮನ್ನು ಪೂರ್ವಕ್ಕೇ ಒಯ್ಯುತ್ತದೆ, ನಿಜ. ಆದರೆ ಅಲ್ಲಿ ಪೂರ್ವವೆಂದರೆ ಸೂರ್ಯನಿರುವ ದಿಕ್ಕು. ನೆರಳು ಅಡ್ಡಹಾಯುತ್ತಿರಲು ನಾವು ಸೂರ್ಯನ ಕಡೆಗೆ ಸಾಗುತ್ತಿರುತ್ತೇವೆ. ಜೊತೆಯ ಓಟ ಇಲ್ಲವೇ ಇಲ್ಲ. ಆದುದರಿಂದ ಮುಂಜಾವಿನ ಖಗ್ರಾಸಕ್ಕೆ ಆಯುಸ್ಸು ಕಡಮೆ. ಕಪ್ಪುಹಲಗೆಯ ಮೇಲೆ ಎರಡು ಬಾಣಗಳನ್ನು ಬರೆದು ಇದನ್ನು ತೋರಿಸಿದಾಗ ಹತ್ತನೆಯ ತರಗತಿಯ ಮಕ್ಕಳ ಮುಖದಲ್ಲಿ ಮೂಡುವ ಬೆಳಕನ್ನು ನಾನು ಅನೇಕ ಸಲ ಕಂಡಿದ್ದೇನೆ.

ಇಲ್ಲಿ ನಮ್ಮ ಪ್ರಾಚೀನರ ಮಾತೊಂದನ್ನು ಹೇಳದೆ ಮುಂದೆ ಹೋಗಲಾಗದು. ನಾವಿರುವುದು ಭೂಮಿಯ ಕೇಂದ್ರದಲ್ಲಲ್ಲ, ಮೇಲ್ಮೈಯಲ್ಲಿ ಎಂಬುದರಿಂದ ಗ್ರಹಣಕಾಲದಲ್ಲಿ ಬರುವ ವ್ಯತ್ಯಾಸವನ್ನು ಅವರು ‘ಲಂಬನ’ವೆಂದು ಕರೆದರು. ಸೂರ್ಯಸಿದ್ಧಾಂತದ ಲೆಕ್ಕದಲ್ಲಿ ಲಂಬನವು ದಿಗಂತದಲ್ಲಿ ಪರಮಾವಧಿ, ನಾಲ್ಕು ಘಟಿಕೆಯಷ್ಟು. ದಿಗಂತದ ಗ್ರಹಣವು ನೆತ್ತಿಯ ಗ್ರಹಣದಂತಲ್ಲವೆಂಬುದು ಪಂಚಾಂಗ ಗುಣಿಸುವವರಿಗೆ ಅಂದೇ ತಿಳಿದಿತ್ತು. ಗ್ರಹಣ ಹಿಡಿದಂತೆಯೇ ಸೂರ್ಯ ಹುಟ್ಟುವುದಕ್ಕೆ ‘ಗ್ರಸ್ತೋದಯ’, ಹಿಡಿದಂತೆಯೇ ಮುಳುಗುವುದಕ್ಕೆ ‘ಗ್ರಸ್ತಾಸ್ತ’ ಎಂಬ ಹೆಸರುಗಳು ಇಂದಿಗೂ ಪಂಚಾಂಗದಲ್ಲಿವೆ. ಸೂರತ್ತಿನಲ್ಲಿಯೂ ಭೋಪಾಳದಲ್ಲಿಯೂ ಅಂದು ಗ್ರಸ್ತೋದಯ. ವಾರಾಣಸಿಯಲ್ಲಿ ಸೂರ್ಯನು ಪೂರ್ಣಬಿಂಬನಾಗಿ ಹುಟ್ಟಿ ಹತ್ತು ನಿಮಿಷಗಳಾದ ಬಳಿಕ ಸ್ಪರ್ಶಕಾಲ.

ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆಗೆ ಉತ್ತರವನ್ನು ಹುಡುಕಿದ್ದು ಈ ಎತ್ತರದ ಲೆಕ್ಕದಿಂದಲೇ. ಪೂರ್ಣ ಗ್ರಹಣದ ವೇಳೆಗೆ ಸೂರ್ಯನು ಸೂರತ್ತಿನಲ್ಲಿ ದಿಗಂತದಿಂದ 3 ಡಿಗ್ರಿ, ಭೋಪಾಳದಲ್ಲಿ 7 ಡಿಗ್ರಿ, ವಾರಾಣಸಿಯಲ್ಲಿ 13 ಡಿಗ್ರಿಯ ಆಸುಪಾಸಿನಲ್ಲಿರುವನೆಂದು ತಿಳಿಯಿತು. ಸೂರ್ಯನ ಕಿರಣವು ನೆತ್ತಿಯಿಂದ ಇಳಿಯುವಾಗ ದಾಟುವ ವಾಯುಮಂಡಲವನ್ನು ಒಂದು ಎಂದು ಹಿಡಿದರೆ, 13 ಡಿಗ್ರಿಯಲ್ಲಿ ಅದು ನಾಲ್ಕಕ್ಕೂ ಮಿಕ್ಕಿ. 3 ಡಿಗ್ರಿಯಲ್ಲಿ ಹದಿನೈದರಷ್ಟು. ದಿಗಂತದಲ್ಲಿ ನಲವತ್ತಕ್ಕೆ ಸಮೀಪ. ಸೂರ್ಯನ ಪ್ರಭಾವಲಯವಾದ ಕರೋನದ ಒಟ್ಟು ಬೆಳಕು ಹುಣ್ಣಿಮೆಯ ಚಂದ್ರನ ಬೆಳಕಿನಷ್ಟೇ ಇರುವುದರಿಂದ, ಇಷ್ಟು ಗಾಳಿ, ಧೂಳು, ತೇವಗಳನ್ನು ಹಾಯ್ದು ಬರುವುದರೊಳಗೆ ಅದರ ನವಿರಾದ ಅಂಚುಗಳು ಕರಗಿಹೋಗುತ್ತವೆ. ದಿಗಂತದ ಸಮೀಪ ವಾಯುಮಂಡಲವು ಕಿರಣವನ್ನು ಬಾಗಿಸುವುದು ಬೇರೆ. ಹುಟ್ಟುವ ಸೂರ್ಯನ ಬಿಂಬ ನಮಗೆ ಪೂರ್ತಿ ಕಾಣುವಾಗ ನಿಜವಾಗಿ ಅವನು ಇನ್ನೂ ದಿಗಂತದ ಕೆಳಗೇ ಇರುತ್ತಾನೆ, ಏಕೆಂದರೆ ಅಲ್ಲಿನ ವಕ್ರೀಭವನವು ಅರ್ಧ ಡಿಗ್ರಿಗೂ ತುಸು ಹೆಚ್ಚು. ಬಿಂಬದ ವ್ಯಾಸವೂ ಸುಮಾರು ಅಷ್ಟೇ.

ಮುಖ್ಯ ಭಯ ಮೋಡದ್ದು. ಜುಲೈ ತಿಂಗಳು ಮುಂಗಾರಿನ ನಡುಗಾಲ. ಆಕಾಶದಲ್ಲಿ ಅರ್ಧದಷ್ಟು ಮೋಡವಿದ್ದರೆ ಸೂರ್ಯ ಕಾಣುವ ಸಂಭವವೂ ಅರ್ಧದಷ್ಟೆಂದು ಸಾಮಾನ್ಯವಾಗಿ ಭಾವಿಸುತ್ತೇವೆ. ನೆತ್ತಿಯ ಸೂರ್ಯನ ಮಟ್ಟಿಗೆ ಅದು ಸರಿ; ದಿಗಂತದ ಸೂರ್ಯನ ಮಟ್ಟಿಗೆ ಸರಿಯಲ್ಲ. ಬೆಳೆದು ನಿಂತ ಜೋಳದ ಹೊಲದ ನಡುವೆ ನಿಂತು ತಲೆಯೆತ್ತಿದರೆ ಆಕಾಶವೆಲ್ಲ ಕಾಣುತ್ತದೆ. ನೇರಕ್ಕೆ ನೋಡಿದರೆ ದಂಟಿನ ಹಿಂದೆ ದಂಟು ಸೇರಿ ಗೋಡೆಯಾಗಿರುತ್ತದೆ. ಮೋಡಗಳ ನಡುವಣ ಅಂತರವೂ ಹಾಗೆಯೇ ಓರೆನೋಟಕ್ಕೆ ಮುಚ್ಚಿಹೋಗುತ್ತದೆ. ಸೂರತ್ತನ್ನು ಬಿಡಲು ಇದೇ ಕಾರಣ. ಆ ದಿನ ಸೂರತ್ತಿನವರಿಗೆ ಸೂರ್ಯ ಕಾಣಲಿಲ್ಲ. ಲೆಕ್ಕದ ಪ್ರಕಾರ ಅತ್ಯುತ್ತಮವೆಂದು ವಿಜ್ಞಾನಿಗಳೂ ಪತ್ರಿಕೆಯವರೂ ನೆರೆದಿದ್ದ ಬಿಹಾರದ ತಾರೇಗನಾದಲ್ಲಿಯೂ ಮೋಡ ಕವಿದಿತ್ತು. ನಮಗೆ ಒಲಿದುದನ್ನು ಜಾಣ್ಮೆಯೆಂದು ಹೇಳಿಕೊಳ್ಳುವ ಧೈರ್ಯ ನನಗಿಲ್ಲ.

ವಾರಾಣಸಿಯನ್ನು ಆರಿಸಲು ಇನ್ನೊಂದು ಕಾರಣವಿದೆ. ಸಾಮಾನ್ಯವಾಗಿ ಪಟ್ಟಣವೆಂದರೆ ದಿಗಂತವೇ ಇಲ್ಲದ ಸ್ಥಳ. ನಮ್ಮ ಕಣ್ಮಟ್ಟದಿಂದ ಏಳು ಮೀಟರು ಎತ್ತರದ ಗೋಡೆಯು ಮೂವತ್ತು ಮೀಟರು ದೂರದಲ್ಲಿದ್ದರೆ ಅದು 13 ಡಿಗ್ರಿಯವರೆಗಿನ ಆಕಾಶವನ್ನು ನುಂಗಿಬಿಡುತ್ತದೆ. ಎದುರು ಸಾಲಿನ ಎರಡು ಅಂತಸ್ತಿನ ಮನೆಯೊಂದು ಸಾಕು. ಆದರೆ ಕಾಶಿಯ ರಚನೆಯೇ ಬೇರೆ. ಅಲ್ಲಿ ಗಂಗೆಯು ಉತ್ತರಾಭಿಮುಖವಾಗಿ ಹರಿಯುತ್ತಾಳೆ. ಪಟ್ಟಣವೆಲ್ಲ ಪಶ್ಚಿಮದ ಎತ್ತರದ ದಡದ ಮೇಲೆ; ಪೂರ್ವದ ದಡವು ಮರಳು, ತಗ್ಗುಭೂಮಿ. ಇಡೀ ಪಟ್ಟಣವು ಮೆಟ್ಟಿಲುಮೆಟ್ಟಿಲಾಗಿ ಹುಟ್ಟುವ ಸೂರ್ಯನಿಗೆ ಎದುರಾಗಿ ಕುಳಿತಿದೆ. ಮುಂಜಾವಿನ ಗ್ರಹಣಕ್ಕೆ ಇದಕ್ಕಿಂತ ಅನುಕೂಲವಾದ ಪಟ್ಟಣವನ್ನು ಯಾರಾದರೂ ಬೇಕೆಂದೇ ಕಟ್ಟಬೇಕಾದೀತು.

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರ ದೇಣಿಗೆಯಿಂದ ಒಂಬತ್ತನೆಯ ತರಗತಿಯ ನಾಲ್ವರು ವಿದ್ಯಾರ್ಥಿಗಳು, ಸಹೋದ್ಯೋಗಿಯೊಬ್ಬರು, ನಾನು ಜುಲೈ 20ರಂದು ಕಾಶಿಯನ್ನು ಮುಟ್ಟಿದೆವು. ಹೆಸರು ಹೇಳಕೂಡದೆಂದು ಆ ದಾನಿಗಳು ಅಂದೇ ಮಾತು ತೆಗೆದುಕೊಂಡಿದ್ದಾರೆ. ಇಳಿದುಕೊಂಡದ್ದು ಓಣಿಯೊಳಗಿನ ಮೂರಂತಸ್ತಿನ ಕಟ್ಟಡ. ಅದರ ಮಾಳಿಗೆಯ ಮೇಲೆ ನಿಂತರೆ ಗಂಗೆಯೂ ಪೂರ್ವದ ಆಕಾಶವೂ ಕಾಣುತ್ತಿದ್ದವು. ಘಾಟಿನ ಜನಸಂದಣಿಯಲ್ಲಿ ಮಕ್ಕಳನ್ನು ಕಾಯುವುದಕ್ಕಿಂತ ಮಾಳಿಗೆಯೇ ಲೇಸೆಂದು ಸಹೋದ್ಯೋಗಿಗಳ ಅಭಿಪ್ರಾಯ. ನನಗೂ ಅದು ಸರಿಯೆನಿಸಿತು.

ದಿಗಂತದ ಗ್ರಹಣವನ್ನು ನೋಡಬೇಕೆನ್ನುವವರು ಕಲಿಯಬೇಕಾದ ಪಾಠ ಒಂದೇ ಇದ್ದರೆ ಅದು ಹಿಂದಿನ ದಿನದ ತಾಲೀಮು. ಸೂರ್ಯನು ಒಂದು ದಿನದಿಂದ ಮರುದಿನಕ್ಕೆ, ಅದೇ ಗಳಿಗೆಯಲ್ಲಿ, ಆಕಾಶದ ಹೆಚ್ಚುಕಡಮೆ ಅದೇ ತಾಣದಲ್ಲಿರುತ್ತಾನೆ. ಜುಲೈ ಕೊನೆಯಲ್ಲಿ ವ್ಯತ್ಯಾಸವು ಕಾಲು ಡಿಗ್ರಿಯನ್ನೂ ಮುಟ್ಟದು. ಪೂರ್ಣ ಗ್ರಹಣವು 6 ಗಂಟೆ 24 ನಿಮಿಷದ ಸುಮಾರಿಗೆ ಆರಂಭವಾಗುವುದೆಂದಿದ್ದುದರಿಂದ 21ರ ಬೆಳಗ್ಗೆ ಅದೇ ಹೊತ್ತಿಗೆ ನಾವು ಮಾಳಿಗೆಯ ಮೇಲೆ ನಿಂತೆವು. ಸೂರ್ಯನು ನಾವೆಣಿಸಿದಂತೆ ನೇರ ಪೂರ್ವದಲ್ಲಿರಲಿಲ್ಲ. ಆಷಾಢದ ಸೂರ್ಯ ಉತ್ತರಕ್ಕೆ ವಾಲಿ ಹುಟ್ಟುವವನಷ್ಟೆ? ಪೂರ್ವದಿಂದ ಉತ್ತರಕ್ಕೆ 16 ಡಿಗ್ರಿಯಷ್ಟು ಸರಿದು, ನೆರೆಮನೆಯ ನೀರಿನ ತೊಟ್ಟಿಯ ಹಿಂದೆ ಅವನು ಪೂರ್ತಿಯಾಗಿ ಮರೆಯಾಗಿದ್ದನು. ತೊಟ್ಟಿಯ ಅಂಚಿನಿಂದ ಅವನು ಹೊರಬಂದದ್ದು 6 ಗಂಟೆ 40 ನಿಮಿಷಕ್ಕೆ. ನಾವು ಒಬ್ಬರನ್ನೊಬ್ಬರು ನೋಡಿದೆವು. ಗೋಣಿಚೀಲದ ತೂತು ಮತ್ತೊಮ್ಮೆ ನೆನಪಾಗಿ ನನ್ನ ಎದೆ ಝಲ್ಲೆಂದಿತು. ಇಪ್ಪತ್ತೊಂಬತ್ತು ವರ್ಷ ಕಾದು, ಎರಡು ದಿನ ರೈಲಿನಲ್ಲಿ ಕುಳಿತು ಬಂದು, ತೊಟ್ಟಿಯ ಹಿಂಬದಿಯನ್ನು ನೋಡಿ ಹಿಂದಿರುಗಬೇಕಾಗುತ್ತಿತ್ತು.

ಆ ದಿನವೆಲ್ಲ ನಾವು ಮಾಡಿದ ಕೆಲಸ ಕೈ ಚಾಚಿ ಅಳೆಯುವುದು. ತೋಳನ್ನು ನೀಳವಾಗಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಕಣ್ಣಿಗೆ ಸುಮಾರು 10 ಡಿಗ್ರಿ. ಹೆಬ್ಬೆರಳು 2 ಡಿಗ್ರಿ. ಕಿರುಬೆರಳು 1 ಡಿಗ್ರಿ. ಒಂದು ಮುಷ್ಟಿ, ಅದರ ಮೇಲೆ ಒಂದೂವರೆ ಹೆಬ್ಬೆರಳು: ಇದು ನಮ್ಮ ಸೂರ್ಯನ ಎತ್ತರ. ಮಕ್ಕಳು ಕಿರುದಿಕ್ಸೂಚಿಯನ್ನು ಹಿಡಿದು ಕೇದಾರಘಾಟಿನಿಂದ ಅಸ್ಸಿಯವರೆಗೆ ಮೆಟ್ಟಿಲುಗಳ ಮೇಲೆ ಓಡಾಡಿ, ಎಲ್ಲೆಲ್ಲಿ ಕಂಬ, ಕೊಡೆ, ಗೋಪುರಗಳು ಅಡ್ಡವಾಗುತ್ತವೆಂದು ಬರೆದುಕೊಂಡರು. ಮಳೆಯ ನೀರಿನಿಂದ ಗಂಗೆ ಏರಿ ಕೆಳಗಿನ ಮೆಟ್ಟಿಲುಗಳನ್ನು ನುಂಗಿದ್ದಳು. ಕೊನೆಗೆ ಕೇದಾರಘಾಟಿಗೆ ಸಮೀಪದಲ್ಲಿ, ಮೇಲಿನ ಮೆಟ್ಟಿಲೊಂದರ ಪಕ್ಕದ ಕಲ್ಲುಕಟ್ಟೆಯನ್ನು ಗೊತ್ತುಮಾಡಿದೆವು.

22ರಂದು ಬೆಳಗಿನ ಜಾವ ಮೂರೂವರೆಗೇ ಹೋದರೂ ಕಟ್ಟೆಯ ಅರ್ಧ ಮಾತ್ರ ದೊರೆಯಿತು. ಗ್ರಹಣಸ್ನಾನಕ್ಕಾಗಿ ಸಾವಿರಾರು ಜನ ನೆರೆದಿದ್ದರು. 1980ರಲ್ಲಿ ನಮ್ಮೂರಿನಲ್ಲಿ ಯಾವ ಶ್ರದ್ಧೆಯು ಜನರನ್ನು ಒಳಗೆ ಕೂಡಿಹಾಕಿತ್ತೋ ಅದೇ ಶ್ರದ್ಧೆಯು ಇಲ್ಲಿ ಜನರನ್ನು ಹೊರಗೆ ಕರೆತಂದು, ಪೂರ್ವಕ್ಕೆ ಮುಖಮಾಡಿ ನಿಲ್ಲಿಸಿತ್ತು. ಗ್ರಹಣಕ್ಕೆ ಹೆದರಬಾರದೆಂದು ಮಕ್ಕಳಿಗೆ ಹೇಳಬೇಕೆಂದು ನಾನು ಸಿದ್ಧಪಡಿಸಿಕೊಂಡು ಹೋಗಿದ್ದ ಮಾತುಗಳು ಅಲ್ಲಿ ಬೇಕಾಗಲಿಲ್ಲ.

ಸೂರ್ಯೋದಯದ ವೇಳೆಗೆ ದಿಗಂತದಲ್ಲಿ ತೆಳು ಮೋಡದ ಪಟ್ಟೆಯಿತ್ತು. ಅದರೊಳಗಿನಿಂದ ಸೂರ್ಯ ಕುಂಕುಮದ ಬಟ್ಟಲಿನಂತೆ ಬಂದನು. ಇಲ್ಲಿ ಅಧ್ಯಾಪಕರು ಎಚ್ಚರಿಕೆಯಿಂದಿರಬೇಕು. ದಿಗಂತದ ಸೂರ್ಯ ಕೆಂಪಗೆ ತಣ್ಣಗೆ ತೋರುವುದರಿಂದ ಬರಿಗಣ್ಣಿನಿಂದ ದಿಟ್ಟಿಸುವ ಆಸೆ ಹುಟ್ಟುತ್ತದೆ. ಕಣ್ಣಿಗೆ ನೋವೂ ಆಗದು. ಆದರೆ ಕಾಣದ ಅವಕೆಂಪು ಕಿರಣಗಳು ಒಳಗೆ ಹೋಗುತ್ತಲೇ ಇರುತ್ತವೆ. ಅಕ್ಷಿಪಟಲಕ್ಕೆ ನೋವಿನ ಅರಿವಿಲ್ಲ. ಸೂರ್ಯನ ಒಂದು ಎಳೆಯಾದರೂ ಉಳಿದಿರುವವರೆಗೆ ಗ್ರಹಣದ ಕನ್ನಡಕವನ್ನು ತೆಗೆಯಕೂಡದು. ಪೂರ್ಣ ಗ್ರಹಣದ ಆ ಮೂರು ನಿಮಿಷ ಮಾತ್ರ ಬರಿಗಣ್ಣು. ಇದನ್ನು ನಾಲ್ವರಿಗೂ ಹತ್ತು ಸಲ ಹೇಳಿದ್ದೆ; ಹನ್ನೊಂದನೆಯ ಸಲವೂ ಹೇಳಿದೆ.

ಆರು ಗಂಟೆಯ ಹೊತ್ತಿಗೆ ಸೂರ್ಯ ಮೋಡದ ಪಟ್ಟೆಯನ್ನು ಬಿಟ್ಟು ಮೇಲೆ ಬಂದಿದ್ದನು. ಅರ್ಧಕ್ಕೂ ಹೆಚ್ಚು ಕಡಿದುಹೋಗಿತ್ತು. ಬೆಳಗಾಗುವ ಬದಲು ಬೆಳಗು ಹಿಂದಕ್ಕೆ ಸರಿಯುತ್ತಿತ್ತು. ನಡುಹಗಲ ಗ್ರಹಣದಲ್ಲಿ ಬೆಳಕು ಕುಂದುವುದು ಎದ್ದು ತೋರುತ್ತದೆಂದು ಓದಿದ್ದೆ. ಇಲ್ಲಿ ಬೆಳಕು ಪೂರ್ತಿ ಬಂದಿರಲೇ ಇಲ್ಲವಾದ್ದರಿಂದ ಮೊದಮೊದಲು ಯಾರಿಗೂ ವಿಶೇಷ ತೋರಲಿಲ್ಲ. ನೀರಿನ ಬಣ್ಣ ಸೀಸದಂತಾದಾಗ ಮಾತ್ರ ದಂಡೆಯ ಗದ್ದಲ ತಗ್ಗಿತು.

ನೆರಳು ಬರುವುದು ಪಶ್ಚಿಮ–ನೈಋತ್ಯದಿಂದ, ಸೂರತ್ತಿನ ದಿಕ್ಕಿನಿಂದ. ರೈಲಿಗೆ ಒಂದು ಹಗಲು ಒಂದು ರಾತ್ರಿ ಹಿಡಿಯುವ ಸಾವಿರ ಕಿಲೋಮೀಟರಿಗೂ ಮಿಕ್ಕ ಆ ದಾರಿಯನ್ನು ಅದು ಮೂರು ನಾಲ್ಕು ನಿಮಿಷಗಳಲ್ಲಿ ದಾಟಿತ್ತು. ಸಂಜೆಯ ಹೊತ್ತಿನಲ್ಲಿ ಗಿಡದ ನೆರಳು ಉದ್ದವಾಗಿ ಚಾಚುವಂತೆ ಓರೆಬಿಸಿಲಿನಲ್ಲಿ ಚಂದ್ರನ ನೆರಳೂ ಉದ್ದವಾಗುತ್ತದೆ. ಇನ್ನೂರು ಕಿಲೋಮೀಟರಿಗೆ ತುಸು ಹೆಚ್ಚು ಅಗಲ, ಅದರ ನಾಲ್ಕು ಪಟ್ಟು ಉದ್ದ. ಅದು ಬರುವುದನ್ನು ನೋಡಲೆಂದೇ ಒಬ್ಬ ವಿದ್ಯಾರ್ಥಿಯು ಸೂರ್ಯನಿಗೆ ಬೆನ್ನುಮಾಡಿ ನಿಂತಿದ್ದನು. ಪಾಪ, ಅವನಿಗೆ ಕಂಡದ್ದು ಪಟ್ಟಣದ ಎತ್ತರದ ಮನೆಗಳ ಗೋಡೆ. ಪೂರ್ವವನ್ನು ತೆರೆದಿಟ್ಟ ಕಾಶಿಯು ಪಶ್ಚಿಮವನ್ನು ಮುಚ್ಚಿಟ್ಟಿದೆಯೆಂಬುದು ನನ್ನ ಲೆಕ್ಕದಿಂದ ತಪ್ಪಿಹೋಗಿತ್ತು. ಅವನು ತಿರುಗಿದಾಗ ವಜ್ರದುಂಗುರದ ಕೊನೆಯ ಹೊಳಪು ಆರುತ್ತಿತ್ತು.

ಕನ್ನಡಕ ತೆಗೆಯಿರೆಂದು ಕೂಗಿದೆನಂತೆ, ನನಗೆ ನೆನಪಿಲ್ಲ. ಒಂದು ಮುಷ್ಟಿ, ಒಂದೂವರೆ ಹೆಬ್ಬೆರಳಿನ ಎತ್ತರದಲ್ಲಿ ಕಪ್ಪು ಬಿಂಬ. ಅದರ ಸುತ್ತ ಮುತ್ತಿನ ಬಣ್ಣದ ಪ್ರಭೆ. 2009ರಲ್ಲಿ ಸೂರ್ಯಕಲೆಗಳು ಅತ್ಯಂತ ಕಡಮೆಯಿದ್ದ ಕಾಲವಾದುದರಿಂದ ಕರೋನವು ಎಲ್ಲ ಕಡೆಗೂ ಸಮನಾಗಿರದೆ ಸೂರ್ಯನ ಸಮಭಾಜಕದ ಉದ್ದಕ್ಕೆ ಎರಡು ಕಡೆಗೂ ಚಾಚಿಕೊಂಡಿತ್ತು. ತೇವದ ಗಾಳಿಯಿಂದಾಗಿ ಚಾಚಿನ ತುದಿಗಳು ನಮಗೆ ಕಾಣಲಿಲ್ಲ. ಬಲಕ್ಕೆ ಬಹಳ ಮೇಲೆ ಶುಕ್ರನು ಥಳಥಳಿಸುತ್ತಿದ್ದನು. ಸೂರ್ಯನ ಕೆಳಗೆ ಇರಬೇಕಾದ ಬುಧನನ್ನು ಹುಡುಕಲು ಯಾರಿಗೂ ಮನಸ್ಸಾಗಲಿಲ್ಲ. ನಾವು ನೆರಳಿನ ನಡುಗೆರೆಗಿಂತ ಉತ್ತರಕ್ಕಿದ್ದೆವು. ಆ ಕಡೆಯ ಅಂಚು ಸಮೀಪವಾದ್ದರಿಂದ ನದಿ ಹರಿದುಹೋಗುವ ಉತ್ತರದ ದಿಗಂತದಲ್ಲಿ ಕಿತ್ತಳೆ ಬಣ್ಣದ ಸಂಜೆ ಹಬ್ಬಿತ್ತು. ಕತ್ತಲು ಅಷ್ಟೇನೂ ದಟ್ಟವಲ್ಲ. ಕೈಗಡಿಯಾರದ ಮುಳ್ಳು ಕಾಣುತ್ತಿತ್ತು.

ದಿಗಂತದ ಖಗ್ರಾಸಕ್ಕೆ ನಷ್ಟಗಳನ್ನಷ್ಟೇ ಇದುವರೆಗೆ ಹೇಳಿದೆ. ಲಾಭವೊಂದುಂಟು. ನೆತ್ತಿಯ ಸೂರ್ಯನನ್ನು ನೋಡುವವನು ಕತ್ತು ಮೇಲೆತ್ತಿ ಆಕಾಶವನ್ನು ಮಾತ್ರ ನೋಡುತ್ತಾನೆ. ಅವನ ಜೊತೆ ಯಾರೂ ಇರುವುದಿಲ್ಲ. ಇಲ್ಲಿ ಒಂದೇ ನೋಟದಲ್ಲಿ ನದಿ, ದೋಣಿಗಳು, ನೀರಿನಲ್ಲಿ ಎದೆಮಟ್ಟ ನಿಂತು ಕೈಯೆತ್ತಿದ ಜನ, ಅವರ ಬೆರಳುಗಳ ನಡುವೆ ಆ ಕಪ್ಪು ಸೂರ್ಯ. ಹುಟ್ಟುವ ಚಂದ್ರನು ಮರಗಳ ಸಂದಿನಲ್ಲಿ ದೊಡ್ಡವನಾಗಿ ತೋರುವಂತೆ ಅದೂ ಬಹಳ ದೊಡ್ಡದಾಗಿ ತೋರಿತು. ಭ್ರಮೆಯೆಂದು ತಿಳಿದಿದ್ದರೂ ಭ್ರಮೆ ಕಡಮೆಯಾಗಲಿಲ್ಲ. ಶಂಖಗಳು ಮೊಳಗುತ್ತಿದ್ದವು. ನನ್ನ ಸಹೋದ್ಯೋಗಿಗಳು ಗಣಿತದ ಅಧ್ಯಾಪಕರು. ಬಲು ಬಿಗಿಯ ಮನುಷ್ಯ. ಅವರು ಕಟ್ಟೆಯ ಮೇಲೆ ಕುಳಿತು ಅಳುತ್ತಿದ್ದರು.

ಸುಮಾರು ಮೂರು ನಿಮಿಷಗಳಾದ ಮೇಲೆ ಬಿಂಬದ ಅಂಚಿನಲ್ಲಿ ಬೇಲಿಯ ಮಣಿಗಳು ಮಿನುಗಿ, ಒಂದು ಬಿಂದುವಿನಲ್ಲಿ ಬೆಳಕು ಸಿಡಿಯಿತು. ಬೆನ್ನಹಿಂದಿನ ಮನೆಗಳ ನೆತ್ತಿಗಳು ಮೊದಲು ಬೆಳಗಿದವು. ನೆರಳು ಈಗ ನಮ್ಮೆದುರಿಗೆ, ಆಚೆಯ ದಡದ ಮರಳಿನ ಮೇಲೆ, ಸೂರ್ಯನ ಕೆಳಗಿನ ಆಕಾಶವನ್ನು ಮಬ್ಬುಗೊಳಿಸುತ್ತ ಪಾಟ್ನಾದ ಕಡೆಗೆ ಓಡಿತು. ಬರುವುದನ್ನು ಕಾಣದೆ ಹೋದ ವಿದ್ಯಾರ್ಥಿಗೆ ಅದು ಹೋಗುವುದು ಕಂಡಿತು. ಇಂದು ಅವನೂ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಅಧ್ಯಾಪಕ.

ಭಾರತಕ್ಕೆ ಮುಂದಿನ ಖಗ್ರಾಸವು 2034ರ ಮಾರ್ಚ್ 20ರಂದು. ಕಾಶ್ಮೀರ–ಲಡಾಖ್ ಸೀಮೆಯ ಪರ್ವತ ಪ್ರದೇಶದಲ್ಲಿ. ಅದು ಅಪರಾಹ್ನ ಕಳೆದು ಪಶ್ಚಿಮಕ್ಕೆ ವಾಲಿದ ಸೂರ್ಯನ ಗ್ರಹಣ. ದಿಗಂತವೆಂದರೆ ಅಲ್ಲಿ ಬೆಟ್ಟ. ಕಣಿವೆಯೊಂದರ ತಳದಲ್ಲಿ ನಿಂತವನಿಗೆ ನಮ್ಮ ನೀರಿನ ತೊಟ್ಟಿಯ ಗತಿಯೇ ಕಾದಿರುತ್ತದೆ. ಹೋಗುವವರು ನಕ್ಷೆಯಲ್ಲಿ ನೆರಳಿನ ಪಟ್ಟಿಯನ್ನು ಹುಡುಕಿದರೆ ಸಾಲದು; ತಾವು ನಿಲ್ಲುವ ತಾಣದ ಪಶ್ಚಿಮ ದಿಕ್ಕಿನಲ್ಲಿ ಶಿಖರವು ಎಷ್ಟು ಡಿಗ್ರಿಯವರೆಗೆ ಆಕಾಶವನ್ನು ಮುಚ್ಚಿದೆಯೆಂದು ಮೊದಲು ಅಳೆಯಬೇಕು.

ಅದಕ್ಕೆ ಬೇಕಾದ ಅಭ್ಯಾಸವನ್ನು ನಮ್ಮ ಮಕ್ಕಳು ಶಾಲೆಯ ಅಂಗಳದಲ್ಲಿಯೇ ಮಾಡುತ್ತಾರೆ. ಧ್ವಜಸ್ತಂಭದ ಬುಡದಲ್ಲಿ ನಿಂತು, ದಿಕ್ಸೂಚಿಯನ್ನು ಹಿಡಿದು, ಹತ್ತು ಹತ್ತು ಡಿಗ್ರಿಗೊಮ್ಮೆ ತಿರುಗುತ್ತ, ಪ್ರತಿ ದಿಕ್ಕಿನಲ್ಲಿಯೂ ದಿಗಂತದಿಂದ ಆಕಾಶ ಎಷ್ಟು ಮುಷ್ಟಿ, ಎಷ್ಟು ಬೆರಳು ಮೇಲಕ್ಕೆ ಆರಂಭವಾಗುವುದೆಂದು ಬರೆದು, ಆ ಮೂವತ್ತಾರು ಅಂಕೆಗಳನ್ನು ಗೆರೆಯಿಂದ ಕೂಡಿಸಿದರೆ ಶಾಲೆಯ ದಿಗಂತದ ನಕ್ಷೆ ಸಿದ್ಧ. ಪ್ರತಿ ವರ್ಷವೂ ಒಂಬತ್ತನೆಯ ತರಗತಿಯವರು ಹೊಸ ನಕ್ಷೆಯನ್ನು ಬರೆದು ಪ್ರಯೋಗಶಾಲೆಯ ಗೋಡೆಗೆ ಅಂಟಿಸುತ್ತಾರೆ. ಈಶಾನ್ಯದ ಬೇವಿನ ಮರ 2010ರ ನಕ್ಷೆಯಲ್ಲಿ ಒಂದು ಮುಷ್ಟಿಗಿಂತ ಕಡಮೆಯಿತ್ತು. ಈಗ ಎರಡು ಮುಷ್ಟಿ ದಾಟಿದೆ.